ಓಝಾರ್ಕ್ ಕೌಂಟಿಯ ನೀರು, ಮಣ್ಣು ನೋಡಿಕೊಂಡು ಬಂದೆವು

ಒಂದು ಸಲಿಕೆ, ಒಂದು ಹಾರೆ, ಮುಚ್ಚಳ ಇರುವ ಹನ್ನೆರಡು ಗಾಜಿನ ಬಾಟಲಿ, ಇನ್ನೂರು ಅಡಿ ನೈಲಾನ್ ದಾರ. ಇಷ್ಟನ್ನು ಕಾರಿನ ಡಿಕ್ಕಿಯಲ್ಲಿ ಹಾಕಿಕೊಂಡು ಏಪ್ರಿಲ್ ಕೊನೆಯ ವಾರ ನಾನು, ನಮ್ಮವರು ಸೇಂಟ್ ಲೂಯಿಸ್‌ನಿಂದ ಹೊರಟೆವು. ನಾಲ್ಕೂವರೆ ಗಂಟೆ ದಾರಿ. ಹೋಗಬೇಕಿದ್ದದ್ದು ಅಮೆರಿಕದ ಮಿಸೌರಿ ರಾಜ್ಯದ ದಕ್ಷಿಣದ ತುದಿಗೆ. ಅಲ್ಲಿ ಆರ್ಕನ್ಸಾ ಗಡಿಗೆ ಅಂಟಿಕೊಂಡ ಹಾಗೆ ಓಝಾರ್ಕ್ ಕೌಂಟಿ ಇದೆ. ಕೌಂಟಿ ಅಂದರೆ ಗೊತ್ತಿಲ್ಲದವರು ನಮ್ಮ ತಾಲೂಕನ್ನು ನೆನೆಸಿಕೊಳ್ಳಿ. ತೆರಿಗೆ, ರಸ್ತೆ, ಜಮೀನಿನ ದಾಖಲೆ, ಶೆರಿಫ್ ಎಲ್ಲ ಆ ಮಟ್ಟದಲ್ಲೇ. ಮಿಸೌರಿಯಲ್ಲಿ ಇಂಥವು 114 ಇವೆ.

ನಮ್ಮದೇ ನೀರು, ನಮ್ಮದೇ ತರಕಾರಿ, ಸೌದೆ, ನಾಲ್ಕು ಆಡು, ಒಂದಷ್ಟು ಕೋಳಿ. ಈ ಆಸೆ ನಮಗೆ ಬಂದು ಆರು ವರ್ಷವಾಯಿತು. ಯಾರ ಹಂಗೂ ಇಲ್ಲದ ಬದುಕು ಅಂತ ಒಂದಿದೆ ಅನ್ನುವುದನ್ನು ನಾನು ನಂಬುವುದಿಲ್ಲ. ಉಪ್ಪು, ಔಷಧಿ, ಕನ್ನಡಕ ಇವನ್ನೆಲ್ಲ ಯಾರೂ ಹಿತ್ತಲಲ್ಲಿ ಬೆಳೆಯಲು ಆಗುವುದಿಲ್ಲ, ಅಲ್ವಾ? ಹಾಗಾಗಿ ನಮ್ಮ ಅಳತೆಗೋಲನ್ನು ಚಿಕ್ಕದಾಗಿ ಇಟ್ಟುಕೊಂಡೆವು. ಆರು ವಾರ ಕರೆಂಟ್ ಹೋದರೂ, ರಸ್ತೆ ಮುಚ್ಚಿದರೂ ಮನೆ ನಡೆಯಬೇಕು. ಅಷ್ಟಕ್ಕೆ ಈ ಕೌಂಟಿ ಒಗ್ಗುತ್ತದಾ ಅಂತ ನೋಡುವುದು.

ಮೊದಲು ಮೂರು ವಾರ ಮನೆಯಲ್ಲೇ ಕೂತು ನಕ್ಷೆ ನೋಡಿದೆವು. ಈ ದೇಶದ ಬಹುಪಾಲು ಜಮೀನನ್ನು 1785ರ ಕಾನೂನಿನ ಪ್ರಕಾರ ಚೌಕಾಬಾರದ ಮನೆಯ ಹಾಗೆ ಗೆರೆ ಎಳೆದು ಹಂಚಿದ್ದಾರೆ. ಒಂದು ಚದರ ಮೈಲಿಗೆ ಒಂದು ಸೆಕ್ಷನ್, ಅಂದರೆ 640 ಎಕರೆ. ಅದನ್ನು ನಾಲ್ಕು ಮಾಡಿ, ಮತ್ತೆ ನಾಲ್ಕು ಮಾಡಿದರೆ 40 ಎಕರೆಯ ತುಂಡು. ಹಳ್ಳಿಯವರು ಅದಕ್ಕೆ ಸುಮ್ನೆ 'ಫಾರ್ಟಿ' ಅನ್ನುತ್ತಾರೆ. ನಮ್ಮ ಕಣ್ಣಿಗೆ ಬಿದ್ದದ್ದೂ ಒಂದು ಫಾರ್ಟಿಯೇ. ಹಳೆಯ ಮನೆ, ಒಂದು ಬೋರ್‌ವೆಲ್, ಹತ್ತು ಎಕರೆ ಹುಲ್ಲು, ಉಳಿದದ್ದು ಕಾಡು.

ಕಾಗದದಲ್ಲಿ ಕೌಂಟಿ ತುಂಬ ಚೆನ್ನಾಗಿ ಕಂಡಿತು. ಸುಮಾರು 750 ಚದರ ಮೈಲಿ ಜಾಗಕ್ಕೆ 2020ರ ಜನಗಣತಿಯಲ್ಲಿ 8,553 ಜನ. ವರ್ಷಕ್ಕೆ ಸುಮಾರು 45 ಇಂಚು ಮಳೆ, ಅದೂ ಹನ್ನೆರಡು ತಿಂಗಳಿಗೆ ಹಂಚಿಕೊಂಡು. ಏಪ್ರಿಲ್ ಕೊನೆಗೆ ಹಿಮ ಬೀಳುವುದು ನಿಂತರೆ ಅಕ್ಟೋಬರ್ ಮಧ್ಯದವರೆಗೆ ಬೆಳೆ ತೆಗೆಯಬಹುದು. ಮಳೆನೀರು ಹಿಡಿಯಲು ಅಡ್ಡಿ ಇಲ್ಲ. ರಾಜ್ಯಕ್ಕೆಲ್ಲ ಅನ್ವಯಿಸುವ ಮನೆ ಕಟ್ಟುವ ನಿಯಮಾವಳಿ ಮಿಸೌರಿಯಲ್ಲಿ ಇಲ್ಲ. ಬೇಕಾದರೆ ಕೌಂಟಿಗಳು ಮಾಡಿಕೊಳ್ಳಬಹುದು. ಈ ಕಡೆಯ ಹಲವು ಕೌಂಟಿಗಳು ಆ ಗೋಜಿಗೆ ಹೋಗಿಲ್ಲ. ಸ್ವಾವಲಂಬಿ ಬದುಕು ಹುಡುಕುವವರೆಲ್ಲ ಈ ಒಂದು ಕಾರಣಕ್ಕೇ ಇಲ್ಲಿಗೆ ಮುಗಿಬೀಳುತ್ತಾರೆ. ನಾನೂ ಮೊದಲು ಅದನ್ನೇ ದೊಡ್ಡ ವರ ಅಂದುಕೊಂಡಿದ್ದೆ.

ತೆರಿಗೆ ವಿಷಯ ಬೇಗ ಹೇಳಿಬಿಡುತ್ತೇನೆ. ಆಸ್ತಿ ತೆರಿಗೆಗೆ ಮನೆಯ ಬೆಲೆಯಲ್ಲಿ 19 ಶೇಕಡಾ ಮಾತ್ರ ಹಿಡಿಯುತ್ತಾರೆ, ಕೃಷಿ ಜಮೀನಿನ ಉತ್ಪಾದನಾ ಮೌಲ್ಯದಲ್ಲಿ 12 ಶೇಕಡಾ. ಕಾರು, ಟ್ರಕ್ ಇದ್ದರೆ ಅದರ ಬೆಲೆಯ ಮೂರನೇ ಒಂದು ಭಾಗಕ್ಕೂ ತೆರಿಗೆ ಉಂಟು. ಡಿಸೆಂಬರ್ 31ರ ಒಳಗೆ ಕಟ್ಟಬೇಕು. ಆಲೂಗಡ್ಡೆ ಕೊಟ್ಟು ತೆರಿಗೆ ಕಟ್ಟಲು ಆಗುವುದಿಲ್ಲ. ವರ್ಷಕ್ಕೆ ಇಷ್ಟು ನಗದು ಬೇಕೇ ಬೇಕು ಅಂತ ಮೊದಲ ದಿನವೇ ಬರೆದಿಟ್ಟುಕೊಳ್ಳಿ.

ಮಣ್ಣಿಗೆ ಬರುತ್ತೇನೆ. ಕೃಷಿ ಇಲಾಖೆಯವರ ವೆಬ್ ಸಾಯಿಲ್ ಸರ್ವೆ ಅನ್ನುವ ವೆಬ್‌ಸೈಟಿನಲ್ಲಿ ಯಾವ ಜಮೀನಿನ ಮೇಲಾದರೂ ಗೆರೆ ಎಳೆದು ಮಣ್ಣಿನ ಜಾತಿ ನೋಡಬಹುದು. ದುಡ್ಡು ಕೊಡಬೇಕಿಲ್ಲ. ನೆಲವನ್ನು 1ರಿಂದ 8ರವರೆಗೆ ದರ್ಜೆ ಮಾಡಿರುತ್ತಾರೆ. 1 ಅಂದರೆ ಏನು ಬೇಕಾದರೂ ಬೆಳೆಯಬಹುದು, 8 ಅಂದರೆ ಕೈಮುಗಿದು ಬಿಟ್ಟುಬಿಡಬೇಕು. ನಾವು ನೋಡಿದ ಗುಡ್ಡದ ಇಳಿಜಾರಿನ ಮೇಲೆಲ್ಲ 6, 7. ದಿಣ್ಣೆಯ ಮೇಲಿನ ಸಪಾಟು ಜಾಗದಲ್ಲಿ 3, 4. ಹೊಳೆಯ ಪಕ್ಕದ ಮೆಕ್ಕಲು ಮಣ್ಣಿನಲ್ಲಿ ಮಾತ್ರ 2.

ನಕ್ಷೆ ಒಂದು ಮಾತು, ಸಲಿಕೆ ಇನ್ನೊಂದು ಮಾತು. ಹುಲ್ಲುಗಾವಲಿನ ನಡುವೆ ನಮ್ಮವರು ಗುಂಡಿ ತೋಡಲು ಶುರು ಮಾಡಿದರು. ಮೊದಲ ನಾಲ್ಕು ಇಂಚು ಬೆಣ್ಣೆಯ ಹಾಗೆ ಬಂತು. ಕಪ್ಪು ಮಣ್ಣು, ತುಂಬ ಬೇರು, ಎರಡು ಎರೆಹುಳ. ನನಗೆ ಖುಷಿಯಾಯಿತು. ಐದನೇ ಇಂಚಿಗೆ ಠಣ್ ಅಂತು. ಚಕಮಕಿ ಕಲ್ಲಿನ ಜಾತಿಯ ಕಲ್ಲು, ಇಲ್ಲಿಯವರು ಚರ್ಟ್ ಅನ್ನುತ್ತಾರೆ. ಮುರಿದರೆ ಬ್ಲೇಡಿನ ಹಾಗೆ ಹರಿತ. ಒಂದು ತೆಗೆದರೆ ಕೆಳಗೆ ಇನ್ನೊಂದು. ಹಾರೆ ಹಾಕಿ ಮೀಟಿ ಮೀಟಿ ಒಂದೂವರೆ ಅಡಿ ಇಳಿಯುವ ಹೊತ್ತಿಗೆ ಪಕ್ಕದಲ್ಲಿ ಮಣ್ಣಿನ ರಾಶಿಗಿಂತ ಕಲ್ಲಿನ ರಾಶಿ ದೊಡ್ಡದಾಗಿತ್ತು. ಇಪ್ಪತ್ತೆರಡನೇ ಇಂಚಿಗೆ ಮಣ್ಣಿನ ಬಣ್ಣ ಬದಲಾಯಿತು. ಇಟ್ಟಿಗೆ ಕೆಂಪಿನ ನಡುವೆ ಬೂದಿ ಬಣ್ಣದ ಕಲೆ. ಅಲ್ಲಿಂದ ಕೆಳಗೆ ಹಾರೆಯೂ ಹೋಗಲಿಲ್ಲ.

ಆ ಬೂದಿ ಕಲೆ ದೊಡ್ಡ ಸುಳಿವು. ಅಂದರೆ ಅಲ್ಲಿ ವರ್ಷದಲ್ಲಿ ಕೆಲವು ತಿಂಗಳು ನೀರು ನಿಂತಿರುತ್ತದೆ. ಕೆಳಗಿನ ಗಟ್ಟಿ ಪದರಕ್ಕೆ ಫ್ರಾಜಿಪ್ಯಾನ್ ಅಂತ ಹೆಸರು. ಓಝಾರ್ಕ್‌ನ ದಿಣ್ಣೆಗಳ ಮೇಲೆ ಅದು ಬಹಳ ಕಡೆ ಇದೆ. ಮಳೆ ಜಾಸ್ತಿ ಬಿದ್ದಾಗ ನೀರು ಅದರ ಮೇಲೆ ನಿಂತು ಬೇರು ಕೊಳೆಯುತ್ತದೆ. ಬೇಸಿಗೆಯಲ್ಲಿ ಬೇರು ಅದನ್ನು ದಾಟಿ ಕೆಳಗಿನ ತೇವಕ್ಕೆ ಹೋಗಲಾರದೆ ಗಿಡ ಒಣಗುತ್ತದೆ. ಒಂದೇ ಜಾಗದಲ್ಲಿ ಎರಡೂ ತೊಂದರೆ. ಸೇಬು, ಪೇರ್ ನೆಡಬೇಕು ಅಂದುಕೊಂಡವರಿಗೆ ಇದು ಗೊತ್ತಿರಲೇಬೇಕು. ಸೆಪ್ಟಿಕ್ ಟ್ಯಾಂಕಿನ ನೀರು ಇಂಗುವುದೂ ಇದರ ಮೇಲೇ ನಿಂತಿದೆ. ನಾವು ಗುಂಡಿಗೆ ಒಂದಡಿ ನೀರು ತುಂಬಿಸಿ ಕಡ್ಡಿ ನೆಟ್ಟು ಕಾದೆವು. ಮೂರು ಗಂಟೆಯಲ್ಲಿ ಒಂದು ಇಂಚು ಸಹ ಇಳಿಯಲಿಲ್ಲ.

ಹದಿನೈದು ಕಡೆಯಿಂದ ಆರು ಇಂಚು ಆಳದ ಮಣ್ಣು ತೆಗೆದು, ಬಕೆಟ್ಟಿನಲ್ಲಿ ಬೆರೆಸಿ, ಮಿಸೌರಿ ವಿಶ್ವವಿದ್ಯಾಲಯದ ಎಕ್ಸ್‌ಟೆನ್ಶನ್ ಪ್ರಯೋಗಾಲಯಕ್ಕೆ ಕಳಿಸಿದೆವು. ಪಿಎಚ್ 5.1 ಬಂತು. ಪಕ್ಕಾ ಹುಳಿ ಮಣ್ಣು. ಕೆಳಗೆಲ್ಲ ಸುಣ್ಣದ ಜಾತಿಯ ಬಂಡೆ, ಮೇಲಿನ ಮಣ್ಣು ಹುಳಿ! ಸಾವಿರಾರು ವರ್ಷದ ಮಳೆ ಸುಣ್ಣವನ್ನೆಲ್ಲ ತೊಳೆದುಕೊಂಡು ಕೆಳಗೆ ಹೋಗಿದೆ. ಸುಣ್ಣದ ಪುಡಿ ಹಾಕಿ ಸರಿ ಮಾಡಬಹುದು, ಮೂರು ನಾಲ್ಕು ವರ್ಷ ಗೊಬ್ಬರ ಕೊಟ್ಟರೆ ಎರಡು ಎಕರೆ ತರಕಾರಿ ತೋಟ ಆಗುತ್ತದೆ. ಇದು ನನಗೆ ಎದೆಗುಂದಿಸಲಿಲ್ಲ. ಮಣ್ಣನ್ನು ಬೆಳೆಸಬಹುದು ಅನ್ನುವುದು ನನ್ನ ಗಟ್ಟಿ ನಂಬಿಕೆ.

ಹಾಗಾದರೆ 2ನೇ ದರ್ಜೆಯ ಹೊಳೆದಂಡೆಯ ಮಣ್ಣನ್ನೇ ಏಕೆ ಕೊಳ್ಳಬಾರದು? ನಮ್ಮವರು ಇದನ್ನೇ ಹಿಡಿದು ಕೂತಿದ್ದರು. ನಾರ್ತ್ ಫೋರ್ಕ್ ಹೊಳೆಯ ಪಕ್ಕ ಹೋಗಿ ನೋಡಿದೆವು. ಮಣ್ಣು ಕೈಯಲ್ಲಿ ಹಿಡಿದರೆ ಚಾಕೊಲೇಟ್ ಕೇಕಿನ ಹಾಗೆ. ಕತ್ತೆತ್ತಿ ಮರ ನೋಡಿದೆ. ನನ್ನ ತಲೆಯಿಂದ ಎಷ್ಟೋ ಮೇಲೆ ಕೊಂಬೆಯ ಸಂದಿಯಲ್ಲಿ ಒಂದು ತಗಡಿನ ಚೂರು ಸಿಕ್ಕಿಕೊಂಡಿತ್ತು. 2017ರ ಏಪ್ರಿಲ್ ಕೊನೆಯಲ್ಲಿ ಈ ಹೊಳೆ ದಾಖಲೆ ಮಟ್ಟಕ್ಕೆ ಏರಿ ಸೇತುವೆಗಳನ್ನೇ ಕೊಚ್ಚಿಕೊಂಡು ಹೋಗಿತ್ತು. ನೂರು ವರ್ಷದ ಪ್ರವಾಹ ಅಂತ ಕೇಳಿ ಜನ ಮೋಸಹೋಗುತ್ತಾರೆ. ನೂರು ವರ್ಷಕ್ಕೊಮ್ಮೆ ಅಂತ ಅದರ ಅರ್ಥ ಅಲ್ಲ, ಪ್ರತಿ ವರ್ಷವೂ ನೂರರಲ್ಲಿ ಒಂದು ಪಾಲು ಸಾಧ್ಯತೆ ಅಂತ. ಈ ವರ್ಷ ಬಂದು ಮುಂದಿನ ವರ್ಷವೂ ಬರಬಹುದು. ಇನ್ನೊಂದು ವಿಷಯ, ತಣ್ಣನೆ ಗಾಳಿ ರಾತ್ರಿ ಕಣಿವೆಗೆ ಇಳಿದು ನಿಲ್ಲುತ್ತದೆ. ದಿಣ್ಣೆಯ ಮೇಲೆ ಹಿಮ ಬೀಳುವುದು ನಿಂತ ಮೇಲೂ ಕೆಳಗೆ ಟೊಮೆಟೊ ಸಸಿ ಸುಟ್ಟುಹೋಗುತ್ತದೆ.

"ಒಳ್ಳೆ ಮಣ್ಣು ಬೇಕು ಅಂದರೆ ಹೊಳೆ, ಕ್ಷೇಮ ಬೇಕು ಅಂದರೆ ಕಲ್ಲು, ಅಷ್ಟೇ ತಾನೇ?" ಅಂದರು ನಮ್ಮವರು.

"ಕಲ್ಲೇ ಇರಲಿ ರೀ" ಅಂದೆ.

ನೀರಿನ ಮಾತಿಗೆ ನಾನು ಜಾಸ್ತಿ ಹೊತ್ತು ಕೊಡುತ್ತೇನೆ, ಏಕೆಂದರೆ ಅಲ್ಲೇ ನನ್ನ ಲೆಕ್ಕವೆಲ್ಲ ತಲೆಕೆಳಗಾಯಿತು.

ನಾವು ನೋಡಿದ ಫಾರ್ಟಿಯ ಪಕ್ಕದ ಮನೆಯಲ್ಲಿ ಎಪ್ಪತ್ತು ದಾಟಿದ ಒಬ್ಬ ಅಜ್ಜ ಇದ್ದಾರೆ. ಮೊದಲ ದಿನ ನಾವು ಗುಂಡಿ ತೋಡುವುದನ್ನು ಬೇಲಿಯಾಚೆಯಿಂದ ನೋಡಿ, ಎರಡನೇ ದಿನ ತಮ್ಮದೇ ಒಂದು ಉದ್ದನೆ ಹಾರೆ ತಂದುಕೊಟ್ಟರು. ಬೋರ್ 420 ಅಡಿ ಇದೆಯಂತೆ ಅಂತ ನಾನು ಹೇಳಿದಾಗ ಅವರು ತಲೆ ಅಲ್ಲಾಡಿಸಿದರು. "ಎಷ್ಟು ಆಳ ಕೊರೆದಿದ್ದಾರೆ ಅನ್ನುವುದು ಬಿಡಿ. ನೀರು ಎಲ್ಲಿಗೆ ಬಂದು ನಿಂತಿದೆ ಅದನ್ನು ನೋಡಿ" ಅಂದರು.

ಎಷ್ಟು ನಿಜ ನೋಡಿ. ಬಂಡೆಯ ಒಳಗಿನ ಒತ್ತಡಕ್ಕೆ ನೀರು ಕೊಳವೆಯಲ್ಲಿ ಮೇಲಕ್ಕೆ ಏರಿ ಒಂದು ಮಟ್ಟದಲ್ಲಿ ನಿಲ್ಲುತ್ತದೆ. ಕರೆಂಟ್ ಇದ್ದಾಗ ಅದರಿಂದ ಅಷ್ಟು ವ್ಯತ್ಯಾಸ ಆಗುವುದಿಲ್ಲ. ಕರೆಂಟ್ ಇಲ್ಲದಾಗ ಅದೇ ಎಲ್ಲ. ಹಳೆ ಕಾಲದ ಹೀರುವ ಕೈಪಂಪು ಸುಮಾರು 25 ಅಡಿಗಿಂತ ಕೆಳಗಿನ ನೀರನ್ನು ಎತ್ತುವುದಿಲ್ಲ, ಗಾಳಿಯ ಒತ್ತಡ ಅಷ್ಟೇ. ಅದಕ್ಕಿಂತ ಆಳಕ್ಕೆ, ಸಿಲಿಂಡರನ್ನು ನೀರಿನೊಳಗೇ ಇಳಿಸಿ ಉದ್ದ ಸರಳಿನಿಂದ ಎತ್ತುವ ಪಂಪು ಬೇಕು. ಅದಕ್ಕೂ ಒಂದು ಮಿತಿ ಇದೆ, ಆಳವಾದಷ್ಟೂ ಕೈಗೆ ಭಾರ.

ಅಳೆಯುವ ಮೊದಲು ನೀರಿನ ಮಾದರಿ ತೆಗೆದುಕೊಂಡೆವು. ನಲ್ಲಿಯ ತುದಿಯ ಜಾಲರಿ ಬಿಚ್ಚಿ, ತುದಿಯನ್ನು ಬ್ಲೀಚಿನಲ್ಲಿ ಒರೆಸಿ, ಐದು ನಿಮಿಷ ನೀರು ಬಿಟ್ಟು, ಆಮೇಲೆ ಪ್ರಯೋಗಾಲಯದವರು ಕೊಟ್ಟ ಬಾಟಲಿಗೆ ಹಿಡಿಯಬೇಕು. ಬಾಟಲಿಯೊಳಗೆ ಸ್ವಲ್ಪ ಬಿಳಿ ಪುಡಿ ಇರುತ್ತದೆ. ಕೊಳೆ ಅಂದುಕೊಂಡು ತೊಳೆಯಬೇಡಿ, ಅದು ಕ್ಲೋರಿನ್ ತೆಗೆಯಲು ಹಾಕಿದ್ದು. 30 ಗಂಟೆಯೊಳಗೆ ಪರೀಕ್ಷೆ ಶುರುವಾಗಬೇಕು. ಹಾಗಾಗಿ ಶುಕ್ರವಾರ ತೆಗೆಯಬೇಡಿ.

ಆಮೇಲೆ ಅಜ್ಜ ಬೋರಿನ ಮುಚ್ಚಳದ ಬೋಲ್ಟ್ ಬಿಚ್ಚಿದರು. ದಾರವನ್ನು ಬ್ಲೀಚ್ ನೀರಿನಲ್ಲಿ ಅದ್ದಿ, ತುದಿಗೆ ಒಂದು ಕಬ್ಬಿಣದ ನಟ್ ಕಟ್ಟಿ, ಮೋಟರಿನ ವೈರಿಗೆ ಸಿಕ್ಕಿಕೊಳ್ಳದ ಹಾಗೆ ಬೆರಳ ಸಂದಿಯಲ್ಲಿ ನಿಧಾನವಾಗಿ ಬಿಟ್ಟರು. ಹತ್ತು ಹತ್ತು ಅಡಿಗೆ ನಾನು ಗಂಟು ಹಾಕಿದ್ದೆ. ಹದಿಮೂರು ಗಂಟು ಹೋಯಿತು. ಆಮೇಲೆ ಕೆಳಗಿನಿಂದ ಸಣ್ಣ ಸದ್ದು, ತುಂಬಿದ ಕೊಡಕ್ಕೆ ಕಲ್ಲು ಬಿದ್ದ ಹಾಗೆ. ಅಳೆದರೆ 138 ಅಡಿ. ಕೈಪಂಪಿಗೆ ಆಗುವ ಆಳ! ನಾನು ನಮ್ಮವರ ಕೈ ಗಟ್ಟಿಯಾಗಿ ಹಿಡಿದುಕೊಂಡೆ.

ಅಜ್ಜನ ಬೋರಿಗೆ ಅವರೇ ಒಂದು ಕೈಪಂಪು ಹಾಕಿಕೊಂಡಿದ್ದಾರೆ. 2007ರ ಜನವರಿಯಲ್ಲಿ ದಕ್ಷಿಣ ಮಿಸೌರಿಯ ಮೇಲೆ ಮಂಜುಗಡ್ಡೆಯ ಮಳೆ ಬಿದ್ದು, ತಂತಿ ಹರಿದು, ಕೆಲವು ಕಡೆ ಎರಡು ವಾರ ಕರೆಂಟ್ ಇರಲಿಲ್ಲ. ದನಗಳಿಗೆ ನೀರಿಲ್ಲದೆ ಪಟ್ಟ ಪಾಡು ನೋಡಿ ಆ ಬೇಸಿಗೆಯಲ್ಲೇ ಹಾಕಿಸಿದರಂತೆ. ನನಗೂ ಹೊಡೆಯಲು ಬಿಟ್ಟರು. ಮೊದಲ ಏಳೆಂಟು ಸಲ ಏನೂ ಬರಲಿಲ್ಲ. ಚಳಿಗೆ ಪೈಪು ಒಡೆಯದಿರಲಿ ಅಂತ ನೆಲದ ಮೂರಡಿ ಕೆಳಗೆ ಒಂದು ಸಣ್ಣ ತೂತು ಇಟ್ಟಿರುತ್ತಾರೆ, ಮೇಲಿನ ನೀರು ಅದರಲ್ಲಿ ಇಳಿದುಹೋಗಿರುತ್ತದೆ. ಆಮೇಲೆ ಬಂತು. ತಣ್ಣಗೆ, ಕಬ್ಬಿಣದ ವಾಸನೆಯ ನೀರು. ಐದು ಗ್ಯಾಲನ್ ಬಕೆಟ್ ತುಂಬಲು ಅರವತ್ತೆರಡು ಸಲ ಹೊಡೆದೆ. ಇಬ್ಬರು ಮನುಷ್ಯರು, ನಾಲ್ಕು ಆಡು, ಕೋಳಿಗೆ ದಿನಕ್ಕೆ ಎಷ್ಟು ಬಕೆಟ್ ಅಂತ ಅಲ್ಲೇ ಲೆಕ್ಕ ಹಾಕಿದೆ.

ಹನ್ನೊಂದನೇ ದಿನ ಪರೀಕ್ಷೆಯ ಫಲಿತಾಂಶ ಬಂತು. ಕೋಲಿಫಾರ್ಮ್ ಬ್ಯಾಕ್ಟೀರಿಯಾ ಇದೆ.

420 ಅಡಿ ಬಂಡೆ ಕೊರೆದ ಬೋರಿನಲ್ಲಿ ಮೇಲಿನ ಮಣ್ಣು, ಕೊಳೆಯ ಕುರುಹು ಹೇಗೆ? ಬೋರಿನ ಮುಚ್ಚಳ, ಕೇಸಿಂಗ್ ಪೈಪು ಎಲ್ಲ ನೋಡಿದೆವು. ಆಗಸ್ಟಿನಲ್ಲಿ ಎರಡನೇ ಸಲ ಹೋದಾಗ ಮತ್ತೆ ಪರೀಕ್ಷೆ ಮಾಡಿಸಿದರೂ ಅದೇ ಉತ್ತರ. ಆಗ ಅಜ್ಜ ನಮ್ಮನ್ನು ದಿಣ್ಣೆಯ ಮೇಲೆ ಕರೆದುಕೊಂಡು ಹೋದರು. ಅರ್ಧ ಮೈಲಿ ಆಚೆ, ಇನ್ನೊಬ್ಬರ ಜಮೀನಿನಲ್ಲಿ, ಬೋಗುಣಿಯ ಆಕಾರದ ಒಂದು ದೊಡ್ಡ ಕುಸಿತ. ಸಿಂಕ್‌ಹೋಲ್. ಅದರ ತುಂಬ ಹಳೆ ಟೈರು, ಒಂದು ಫ್ರಿಜ್ಜು, ಎಣ್ಣೆ ಡಬ್ಬ, ಅದರ ಮೇಲೆ ಸತ್ತ ಕರುವಿನ ಎಲುಬು. ಮೂರು ತಲೆಮಾರಿನ ಕಸ.

ಇದು ಕಾರ್ಸ್ಟ್ ನೆಲ. ಸುಣ್ಣದ ಕಲ್ಲು, ಡಾಲಮೈಟ್ ಬಂಡೆ ಮಳೆನೀರಿಗೆ ಕರಗಿ ಒಳಗೆ ಬಿರುಕು, ಕೊಳವೆ, ಗುಹೆ ಆಗಿರುತ್ತವೆ. ಮಣ್ಣಿನಲ್ಲಿ ಸೋಸಿಕೊಂಡು ಹೋಗಬೇಕಾದ ನೀರು ಇಲ್ಲಿ ನೇರ ಪೈಪಿನಲ್ಲಿ ಹೋದ ಹಾಗೆ ಹೋಗುತ್ತದೆ. ಹಳ್ಳ ಹರಿಯುತ್ತಾ ಇದ್ದಕ್ಕಿದ್ದಂತೆ ನೆಲದೊಳಗೆ ಮಾಯವಾಗುತ್ತದೆ, ಎಷ್ಟೋ ಮೈಲಿ ಆಚೆ ಬುಗ್ಗೆಯಾಗಿ ಏಳುತ್ತದೆ. ಭೂವಿಜ್ಞಾನಿಗಳು ಇಂಥ ಗುಂಡಿಗೆ ಬಣ್ಣ ಸುರಿದು, ಬುಗ್ಗೆಗಳಲ್ಲಿ ಇದ್ದಿಲಿನ ಪೊಟ್ಟಣ ಕಟ್ಟಿ, ಎಲ್ಲಿ ಬಣ್ಣ ಸಿಗುತ್ತದೆ ಅಂತ ಹುಡುಕುತ್ತಾರೆ. ಪಕ್ಕದ ಹೋವೆಲ್ ಕೌಂಟಿಯ ವೆಸ್ಟ್ ಪ್ಲೇನ್ಸ್ ಊರಿನಲ್ಲಿ 1978ರಲ್ಲಿ ಕೊಳಚೆ ನೀರು ನಿಲ್ಲಿಸುವ ಕೆರೆಯ ತಳವೇ ಕುಸಿದು, ಆ ಕೊಳಚೆಯೆಲ್ಲ ಭೂಮಿಯೊಳಗೆ ಇಳಿದುಹೋಯಿತು. ಸುತ್ತಲಿನ ಬಾವಿಗಳು ಕೆಟ್ಟವು. ನೂರಾರು ಜನ ಕಾಯಿಲೆ ಬಿದ್ದರು.

ಆ ಗುಂಡಿಯ ಅಂಚಿನಲ್ಲಿ ನಿಂತಾಗ ನನಗೆ ಅರ್ಥವಾಯಿತು. ನಲವತ್ತು ಎಕರೆಗೆ ಬೇಲಿ ಹಾಕಿಕೊಂಡರೆ ಅದರ ಮೇಲಿನದೆಲ್ಲ ನಮ್ಮದು. ಕೆಳಗಿನ ನೀರು ಮಾತ್ರ ಅರ್ಧ ಮೈಲಿ ಆಚೆಯವನ ಕೈಯಲ್ಲಿದೆ. ನಿಯಮ ಕಡಿಮೆ ಅಂತ ಖುಷಿಪಟ್ಟಿದ್ದೆನಲ್ಲ, ಆ ಸಡಿಲ ಅವನಿಗೂ ಇದೆ. ಮಿಸೌರಿಯಲ್ಲಿ ಮೂರು ಎಕರೆ ಮತ್ತು ಮೇಲಿನ ಜಾಗದಲ್ಲಿ ಒಂದೇ ಮನೆ ಇದ್ದರೆ, ಕೌಂಟಿಯ ಸ್ವಂತ ನಿಯಮ ಇಲ್ಲದಿದ್ದರೆ, ಸೆಪ್ಟಿಕ್‌ಗೆ ಸಾಮಾನ್ಯವಾಗಿ ಪರವಾನಗಿ ಬೇಡ. ನನಗೆ ಖರ್ಚು ಉಳಿಯಿತು ಅಂದುಕೊಂಡಿದ್ದೆ. ಈಗ ಸುತ್ತಲಿನ ಪ್ರತಿ ಮನೆಯ ಸೆಪ್ಟಿಕ್ ಎಲ್ಲಿ ಇಂಗುತ್ತಿದೆ ಅಂತ ಯೋಚನೆ ಬರುತ್ತದೆ.

ಮಳೆನೀರಿನ ಲೆಕ್ಕವನ್ನು ಆ ರಾತ್ರಿಯೇ ಮತ್ತೆ ತೆಗೆದೆ. ಸಾವಿರ ಚದರಡಿ ಚಾವಣಿಯ ಮೇಲೆ ಒಂದು ಇಂಚು ಮಳೆ ಬಿದ್ದರೆ 623 ಗ್ಯಾಲನ್, ಅಂದರೆ ಸುಮಾರು 2,360 ಲೀಟರ್. ವರ್ಷಕ್ಕೆ 45 ಇಂಚು ಅಂದರೆ ಒಂದು ಲಕ್ಷ ಲೀಟರ್ ದಾಟುತ್ತದೆ. ಐದನೇ ಒಂದು ಪಾಲು ಹಾಳಾಯಿತು ಅಂತ ಇಟ್ಟುಕೊಂಡರೂ ಇಬ್ಬರಿಗೆ ಸಾಕು. ತೋಟಕ್ಕೆ ಬೋರು, ಕುಡಿಯಲು ಚಾವಣಿ. ಆಗಸ್ಟಿನಲ್ಲಿ ಬೋರಿನ ನೀರು 161 ಅಡಿಗೆ ಇಳಿದಿತ್ತು, ಆದರೂ ಕೈಪಂಪಿಗೆ ಎಟುಕುತ್ತಿತ್ತು. 2012ರಂಥ ಬರ ಬಂದರೆ ಎಲ್ಲಿಗೆ ಇಳಿಯುತ್ತದೋ, ಅದಕ್ಕಾಗಿ ಟ್ಯಾಂಕು ದೊಡ್ಡದೇ ಇರಬೇಕು.

ಉಳಿದದ್ದರಲ್ಲಿ ಸೌದೆಗೆ ಚಿಂತೆ ಇಲ್ಲ. ಓಕ್, ಹಿಕರಿ ಕಾಡು ಬೇಕಾದಷ್ಟಿದೆ. ನಾಲ್ಕಡಿ ಅಗಲ, ನಾಲ್ಕಡಿ ಎತ್ತರ, ಎಂಟಡಿ ಉದ್ದ ಒಟ್ಟಿದರೆ ಒಂದು ಕಾರ್ಡ್. ಒಂದು ಚಳಿಗಾಲಕ್ಕೆ ನಾಲ್ಕೈದು ಕಾರ್ಡ್ ಬೇಕು. ಎಕರೆಗೆ ವರ್ಷಕ್ಕೆ ಅರ್ಧ ಕಾರ್ಡ್ ಅಂತ ಹಿಡಿದರೆ ಹತ್ತು ಎಕರೆ ಕಾಡು ಸವೆಯದೆ ಕೊಡುತ್ತಲೇ ಇರುತ್ತದೆ. ರಕ್ತ ಹೀರುವ ಉಣ್ಣೆ ಹುಳದ ಕಾಟ ಮಾತ್ರ ಹಗುರವಾಗಿ ತೆಗೆದುಕೊಳ್ಳಬೇಡಿ. ಇಲ್ಲಿನ ಲೋನ್ ಸ್ಟಾರ್ ಅನ್ನುವ ಉಣ್ಣೆ ಕಚ್ಚಿ ಕೆಲವರಿಗೆ ಹಂದಿ, ದನ, ಆಡಿನ ಮಾಂಸಕ್ಕೆ ಅಲರ್ಜಿ ಆಗುತ್ತದೆ. ಕೆಲವರಿಗೆ ಹಾಲೂ ಆಗುವುದಿಲ್ಲ. ಆಡು ಸಾಕಿ ಬದುಕುತ್ತೇನೆ ಅನ್ನುವವರಿಗೆ ಇದಕ್ಕಿಂತ ದೊಡ್ಡ ಪೆಟ್ಟು ಬೇಕೇ? ಕೋಳಿ, ಮೀನು ತಿಂದರೆ ತೊಂದರೆ ಇಲ್ಲ. ನಾವು ಸಂಜೆ ಸಂಜೆ ಒಬ್ಬರ ಬೆನ್ನು ಒಬ್ಬರು ನೋಡಿಕೊಳ್ಳುತ್ತಿದ್ದೆವು. ಆಸ್ಪತ್ರೆ ಕೌಂಟಿಯೊಳಗೆ ಇಲ್ಲ. ವೆಸ್ಟ್ ಪ್ಲೇನ್ಸ್‌ಗೆ ಅಥವಾ ಗಡಿ ದಾಟಿ ಮೌಂಟನ್ ಹೋಮ್‌ಗೆ ಹೋಗಬೇಕು. ಗುಡ್ಡದ ಒಳಗಿನ ಮನೆಯಿಂದ ಒಂದು ಗಂಟೆ ಹಿಡಿಯುತ್ತದೆ. ನನಗೆ ಐವತ್ತೊಂದು, ಅವರಿಗೆ ಐವತ್ತಾರು. ಇದನ್ನು ನಾವು ಬಿಚ್ಚಿ ಮಾತಾಡಿದೆವು, ಕಣ್ಣೀರೂ ಬಂತು.

ಆ ಫಾರ್ಟಿಯನ್ನು ಬಿಟ್ಟೆವು. ಕೌಂಟಿಯನ್ನು ಬಿಟ್ಟಿಲ್ಲ. ಮಳೆ ಇದೆ, ಸೌದೆ ಇದೆ, ಮಣ್ಣನ್ನು ಬೆಳೆಸಬಹುದು, ಹಾರೆ ತಂದುಕೊಡುವ ನೆರೆಯವರಿದ್ದಾರೆ. ಈಗ ಹುಡುಕುವ ಕ್ರಮ ಮಾತ್ರ ಬೇರೆ. ಜಮೀನಿನ ಗಡಿ ನೋಡುವ ಮೊದಲು ಅದಕ್ಕಿಂತ ಮೇಲೆ, ಎರಡು ಮೈಲಿ ಸುತ್ತ, ಎಲ್ಲೆಲ್ಲಿ ಕುಸಿತ ಇದೆ ಅಂತ ನಕ್ಷೆಯಲ್ಲಿ ಗುರುತು ಹಾಕುತ್ತೇವೆ. ದಿಣ್ಣೆಯ ನೆತ್ತಿಯ ಹತ್ತಿರದ, ಮೇಲಿನಿಂದ ಯಾರ ನೀರೂ ಹರಿದು ಬರದ ಜಾಗಗಳನ್ನಷ್ಟೇ ಇಟ್ಟುಕೊಂಡಿದ್ದೇವೆ. ಅಂಥವು ಸದ್ಯಕ್ಕೆ ಮೂರು ಸಿಕ್ಕಿವೆ.

ಸಿಂಕ್‌ಹೋಲಿನ ಕಸ ತೆಗೆಯುವ ಬಗ್ಗೆ ಅಜ್ಜ ಆ ಜಮೀನಿನವರ ಹತ್ತಿರ ಮಾತಾಡಿದ್ದಾರೆ. ಅವರು ಒಪ್ಪಿದರೆ ನಾವೂ ಕೈಜೋಡಿಸುತ್ತೇವೆ ಅಂತ ಹೇಳಿ ಬಂದಿದ್ದೇವೆ. ಅಜ್ಜ ಕುಡಿಯುವುದೂ ಅದೇ ಬಂಡೆಯ ನೀರನ್ನೇ. ಜನವರಿಯಲ್ಲಿ ಮೂರನೇ ಸಲ ಹೋಗುತ್ತೇವೆ. ಎಲೆ ಉದುರಿರುತ್ತದೆ, ಉಣ್ಣೆ ಕಡಿಮೆ ಇರುತ್ತದೆ, ಬೇಸಿಗೆಯಲ್ಲಿ ಪೊದೆ ಮುಚ್ಚಿಕೊಂಡ ಗುಂಡಿಗಳೆಲ್ಲ ಆಗ ಬರಿಗಣ್ಣಿಗೆ ಕಾಣುತ್ತವೆ. ದಾರವನ್ನು ಈ ಸಲ ಮುನ್ನೂರು ಅಡಿ ತಂದಿಟ್ಟಿದ್ದೇನೆ. ಗಂಟು ಹಾಕುವುದು ಬಾಕಿ ಇದೆ.